ಎರಡು ಬೆರಳು

ಸಿಂದಗಿ ರೋಡಿನ ಮೂಲೆಗೆ ನಬಿಲಾಲನ ಕಮಾನು ಪಾಟಾ ಅಂಗಡಿ.
ಮುಂದೆ ನನ್ನ ಜಿಪ್ಸಿ,
ಬೆಳಗಾವಿ ಕ್ಯಾಂಪಿನ ಹರಾಜಿನಲ್ಲಿ ಹಿಡಿದದ್ದು,
ಬಿಳಿ ಬಣ್ಣ ಕೆರೆದರೆ ಒಳಗೆ ಇನ್ನೂ ಸಿಪಾಯಿ ಹಸಿರು.
ಅದರ ಹೊಟ್ಟೆಯ ಕೆಳಗೆ ಮಲಗಿ
ಕಾಲೆರಡನ್ನೇ ಹೊರಗೆ ಬಿಟ್ಟ ನಬಿಲಾಲ ಕೇಳುತ್ತಾನೆ:
"ಎಷ್ಟ ಎತ್ತೂಣ್ರಿ, ಡಾಕ್ಟರ್ ಬಾಯಾರ?"

ಎಷ್ಟು ಎತ್ತಬಹುದು?
"ಗೋಳಗುಮ್ಮಟದಷ್ಟೂ ಎತ್ತಬಹುದ್ರಿ,
ಇಳಿಯೂದು ಹೆಂಗಂತ ಕೇಳ್ರಿ."

ನನ್ನ ತಲೆಯಲ್ಲಿದ್ದದ್ದು ಡೋಣಿಯ ದಂಡೆ.
ಹೋದ ವರ್ಷ ಹಡಗಿನಾಳದ ಆಚೆ, ಮಳೆ ನಿಂತ ಮೂರನೇ ದಿನ,
ಎರಿ ಮಣ್ಣು ಹೋಳಿಗೆಯ ಕಣಕದಂತೆ ಗಾಲಿಗೆ ಸುತ್ತಿ,
ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಾಡದ ಹಾಗೆ ತುಂಬಿ
ಗಾಡಿ ನಿಂತೇ ಬಿಟ್ಟಿತು.
ಅರ್ಧ ಹರದಾರಿ ದೂರದ ಹೊಲದಲ್ಲಿ ಒಂದು ಖಿಲಾರಿ ಆಕಳು
ಕರುವಿನ ಒಂದೇ ಕಾಲು ಹೊರಗೆ ಹಾಕಿ ಕಾಯುತ್ತಿತ್ತು.
ನಡೆದು ಹೋದೆ, ಬೂಟು ಎರಿಗೇ ಬಿಟ್ಟು.
ಆಕಳು ಉಳಿಯಿತು.
ಕರುವಿನ ಮಾತು ಬೇಡ.

ಅದಕ್ಕೇ ನಾಲ್ಕು ಇಂಚು ಎಂದೆ.
ಚಹಾ ಬಂತು. ನಬಿಲಾಲ ಹೊರಗೆ ಬಂದು
ಶಟರ್ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ.
"ಉದ್ದನ್ನ ಶ್ಯಾಕಲ್ ಹಾಕಿದ್ರ ಸಸ್ತಾದಾಗ ಮುಗೀತೈತಿ.
ಆದ್ರ ಸ್ಟೇರಿಂಗು, ಮೊನ್ನೆ ಮೊನ್ನೆ ಕುಡ್ಯಾಕ ಕಲ್ತವನಂಗ
ರಸ್ತಾ ಹುಡಕ್ಕೊಂತ ಹೊಕ್ಕೈತಿ.
ಪಾಟಾದ ಬುಡಕ ಕಬ್ಬಿಣದ ಗಟ್ಟಿ ಇಡಬಹುದು,
ನಾ ಇಡಂಗಿಲ್ಲ, ಇಡವ್ರ ವಿಳಾಸ ಕೊಡ್ತೀನಿ."
ಇನ್ನು ಪುಣೆಯ ಕಿಟ್ಟು:
ಹೊಸ ಕಮಾನು ನಾಲ್ಕು, ಉದ್ದನೆಯ ಶಾಕಪ್ಸರ್ ನಾಲ್ಕು,
ಬ್ರೇಕಿನ ಪೈಪೂ ಅದಕ್ಕೆ ತಕ್ಕಷ್ಟು ಉದ್ದ.
ಬೆಲೆ ಕೇಳುವಷ್ಟರಲ್ಲಿ ನನ್ನ ಚಹಾ ಆರಿತ್ತು.
"ಅದರಾಗೂ ನಾಕಿಂಚು ಬ್ಯಾಡ್ರಿ. ಶಾಫ್ಟ್ ಸೊಟ್ಟ ತಿರಗತೈತಿ.
ತಿರುವಿನ್ಯಾಗ ಗಾಡಿ
ತಲಿಮ್ಯಾಲ ತುಂಬಿದ ಕೊಡ ಇಟ್ಕೊಂಡು ಓಡಿಧಂಗ ಆಕ್ಕೈತಿ."

ನಾನು ಹಟ ಬಿಡಲಿಲ್ಲ.
ಮೊಬೈಲಿನಲ್ಲಿ ಬಂಡೆಯ ಮೇಲೆ ಕಾಲೂರಿ ನಿಂತ ಜೀಪುಗಳ ಚಿತ್ರ ತೋರಿಸಿದೆ.
ನಬಿಲಾಲ ನೋಡಿದ. "ಇವು ಎಲ್ಲಿಗ್ ಹೊಂಟಾವ್ರಿ?" ಅಂದ.

ಶಿದರಾಯ ಮಾತ್ರ ಸುಮ್ಮನೆ ಕೂತಿದ್ದ.
ನಮ್ಮ ದವಾಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ
ನೈಟ್ರೋಜನ್ ಕ್ಯಾನು ಹೊರುವವನು.
ಹೋರಿಗಳ ಬೀಜ ಹೊಗೆಯಾಡುವ ಥಂಡಿಯಲ್ಲಿ ಮಲಗಿರುವ ಕ್ಯಾನು,
ಓರೆಯಾಗಬಾರದು, ಕುಕ್ಕರಿಸಬಾರದು.
ನಬಿಲಾಲ ಜ್ಯಾಕು ಕೊಟ್ಟು ಹಿಂಬದಿಯನ್ನು ನಾಲ್ಕಿಂಚು ಎತ್ತಿ
"ಇಷ್ಟ ಆಕ್ಕೈತಿ, ನೋಡ್ಕೋರಿ" ಎಂದಾಗ
ಶಿದರಾಯನೇ ಎದ್ದು ಹೋಗಿ ಕ್ಯಾನು ತಂದ.
ಎದೆಯವರೆಗೆ ಬಂತು. ಅಲ್ಲೇ ನಿಂತಿತು.
ಬಲ ಮೊಣಕಾಲು ಒಮ್ಮೆ ನಡುಗಿತು.
ನನ್ನ ಕಡೆ ನೋಡದೆ, ಮುಚ್ಚಳ ನೋಡುತ್ತ
"ರೂಢಿ ಮಾಡ್ಕೋತೀನ್ರಿ" ಅಂದ.

ಯಾರೂ ಹೇಳಲಿಲ್ಲ, ನಬಿಲಾಲ ಜ್ಯಾಕು ಇಳಿಸತೊಡಗಿದ.
ಒಂದು ಬೆರಳು. ಇನ್ನೊಂದು. ಇನ್ನೂ ಒಂದಿಷ್ಟು.
"ಈಗ?"
ಶಿದರಾಯ ಮತ್ತೆ ಎತ್ತಿದ.
ಕ್ಯಾನು ಒಳಗೆ ಹೋಗಿ ಸಣ್ಣಗೆ ಠಣ್ ಎಂದಿತು.
ಗಾಡಿ ಮೊದಲಿನದಕ್ಕಿಂತ ಮೇಲಿದ್ದದ್ದು ಎರಡೇ ಬೆರಳು.
ಅಷ್ಟು ಸಂದಿನಲ್ಲಿ ಎರಿ ಉದುರುತ್ತದೋ ಇಲ್ಲವೋ
ಉತ್ತರಿ ಮಳೆ ಬಂದು ಹೇಳಬೇಕು.
ಉದುರದಿದ್ದರೆ ಸಲಿಕೆ ಇದೆ, ನನ್ನ ಕೈ ಇದೆ.

ಕಿಟ್ಟು ಬಂದ ದಿನ ಹಳೆಯ ಪಾಟಾಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು,
ಬಾಗುವುದನ್ನೇ ಮರೆತು ನೆಟ್ಟಗಾದವು.
ಶಿದರಾಯ ಅದರಲ್ಲೊಂದನ್ನು ಆರಿಸಿದ,
ನಾನು ಕಿಟ್ಟು ಆರಿಸಿದ್ದಕ್ಕಿಂತ ಜಾಣತನದಿಂದ,
ಉಗುರಿನಿಂದ ಬಡಿದು, ಕಿವಿಗೊಟ್ಟು.
"ಕಂಬಾರ ಮೋನಪ್ಪಗ ಕೊಡ್ತೀನ್ರಿ. ಎರಡ ಕುಡಗೋಲ ಆಗ್ತಾವ."
ಟವೆಲಿನಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡ.

ಹೊಸ ಕಮಾನು ಬಲು ಗಡುಸು.
ದಾರಿಯುದ್ದ ಪ್ರತಿ ಹಂಪಿಗೂ ಇಬ್ಬರ ಹಲ್ಲೂ ಕಟಕಟ.
"ಮಿದು ಆಗ್ತಾವ ಬಿಡ್ರಿ," ಎಂದ ಶಿದರಾಯ
ಒಂದು ಕೈಯಲ್ಲಿ ಕ್ಯಾನು ಹಿಡಿದು.